ರೈಲಿನ ಖಡಿ, ರಸ್ತೆಯ ಖಡಿ

೩ ಫೆಬ್ರವರಿ ೧೯೭೦

ಹಾಜರಿ ಮುಗಿಯಿತು. ಗುಡ್ಡ ಒಂದೇ, ಸುತ್ತಿಗೆ ಒಂದೇ, ಗುತ್ತೇದಾರ ಆಬಾಸಾಹೇಬರೂ ಒಬ್ಬರೇ. ಆದರೆ ಒಡೆದ ಜಲ್ಲಿಯಲ್ಲಿ ರೈಲು ಹಳಿಗೆ ಹೋಗುವ ಖಡಿಗೆ ದಿಲ್ಲಿ ಸರ್ಕಾರದ ರೇಟು, ಇಚಲಕರಂಜಿ ರಸ್ತೆಯ ಖಡಿಗೆ ಮುಂಬೈ ಸರ್ಕಾರದ ರೇಟು. ದಿಲ್ಲಿಯದು ಹೆಚ್ಚು. ಯಾರು ಯಾವ ರಾಶಿಯಲ್ಲಿ ಕೂರಬೇಕೆಂದು ಹೇಳುವ ಮುಕಾದಮ ನಾನು. ರೈಲಿನ ರಾಶಿಯಲ್ಲಿ ಒಂದೇ ಜಾಗ ಉಳಿದಿತ್ತು. ಗೌರವ್ವ ಅಕ್ಕನಿಗೆ ಕೊಟ್ಟೆ. ಗಂಡ ಹೋದ ಮೇಲೆ ನನ್ನ ಮನೆಯಲ್ಲೇ ಇದ್ದಾಳೆ... ಅವಳೊಂದಿಗೆ ಕಲ್ಲು ಒಡೆಯುವ ಜೋಡಿ ತಾರವ್ವನನ್ನು ರಸ್ತೆಯ ರಾಶಿಗೆ ಕಳಿಸಿದೆ. ತನ್ನವರಿಗೆ ಮೊದಲು — ಯಾರು ಮಾಡುವುದಿಲ್ಲ?

೫ ಫೆಬ್ರವರಿ

ಅಕ್ಕನಿಗೆ ನನ್ನ ಮೇಲೆ ಸಿಟ್ಟು. ಖಣಿಯಲ್ಲಿ ಜೋಡಿಯೆಂದರೆ ಜೋಡಿ, ಕೂಲಿ ಸಮಪಾಲು. ಇಬ್ಬರೂ ತಾವೇ ದಾರಿ ಹುಡುಕಿಕೊಂಡಿದ್ದಾರೆ. ಒಂದು ದಿನ ಇವಳು ರೈಲಿನ ರಾಶಿಗೆ, ಮರುದಿನ ಅವಳು. ಹಾಜರಿಯಲ್ಲಿ ಹೆಸರು ಮಾತ್ರ ಹಾಗೇ. ಕಂಡೂ ಕಾಣದಂತೆ ಇದ್ದೇನೆ. ಹೆಂಗಸರ ವ್ಯವಹಾರ, ನನಗೇನು.

೧೯ ಫೆಬ್ರವರಿ, ಸಂಜೆ

ತಾರವ್ವನ ಬಲಗಣ್ಣಿಗೆ ಕಲ್ಲಿನ ಚಕ್ಕೆ ಸಿಡಿಯಿತು. ರೈಲಿನ ರಾಶಿಯಲ್ಲಿದ್ದಳು, ಅಕ್ಕನ ಬದಲು. ಮಿರಜಿನ ಆಸ್ಪತ್ರೆಗೆ ಒಯ್ದರೆ ಕಣ್ಣು ಉಳಿಯಬಹುದಂತೆ. ಖರ್ಚು ಯಾರದು? ಕಲ್ಲು ರೈಲಿನದು, ನಮಗೆ ಸಂಬಂಧವಿಲ್ಲ ಎಂದರು ರಸ್ತೆಯ ಸಾಹೇಬರು. ಅವಳ ಹೆಸರಿರುವುದು ರಸ್ತೆಯ ಕೆಲಸಕ್ಕೆ, ದಿಲ್ಲಿಯ ಪರಿಹಾರ ಕಾಯ್ದೆ ಹತ್ತುವುದಿಲ್ಲ ಎಂದರು ಆಬಾಸಾಹೇಬರು. ಎತ್ತು ಏರಿಗೆ, ಕೋಣ ನೀರಿಗೆ.

೨೩ ಫೆಬ್ರವರಿ

ಕೂಲಿ ತಪಾಸಣೆಗೆ ದಿಲ್ಲಿ ಕಡೆಯ ಸಾಹೇಬರು ನಾಳೆ ಬರುತ್ತಾರೆ. ಆಬಾಸಾಹೇಬರು ನನ್ನನ್ನು ಕರೆದು ಚಹಾ ಕೊಟ್ಟರು.

"ಲಗಮಣ್ಣಾ, ತಾರವ್ವ ಯಾವ ರಾಶಿಯೊಳಗ ಇದ್ಲು ಅಂತ ಕೇಳಿದ್ರ ಬಾಯಿ ಮುಚಗೊಂಡ ಇರು. ಇಲ್ಲಂದ್ರ ನೀನೂ ಇಲ್ಲ, ನಿಮ್ಮಕ್ಕನೂ ಇಲ್ಲ."

ಚಹಾ ಕುಡಿದು ಬಂದೆ.

೨೪ ಫೆಬ್ರವರಿ

ಚಕ್ಕೆ ಸಿಡಿದ ದಿನ ರೈಲಿನ ರಾಶಿಯಲ್ಲಿ ಯಾರಿದ್ದರು ಎಂದು ಸಾಹೇಬರು ಕೇಳಿದ್ದು ನನ್ನನ್ನೇ. ನೆಲ ನೋಡುತ್ತ ನಿಂತೆ. ಅಕ್ಕ ಸುತ್ತಿಗೆ ಕೆಳಗಿಟ್ಟು ಎದ್ದಳು.

"ತಾರವ್ವ ಇದ್ಲರಿ, ನನ್ನ ಜಾಗಾದಾಗ. ಹೋಗೂದಿದ್ರ ನನ್ನ ಕಣ್ಣು ಹೋಗಬೇಕಿತ್ತರಿ."

ಸಾಹೇಬರು ಬರೆದುಕೊಂಡರು. ಮಿರಜಿನ ಖರ್ಚು ಆಬಾಸಾಹೇಬರ ಮೇಲೆ ಬಿತ್ತು. ಜೀಪು ಹೋದದ್ದೇ ತಡ, ಅಕ್ಕನನ್ನು ಕೆಲಸದಿಂದ ತೆಗೆದರು. ನನ್ನನ್ನು ಇಟ್ಟುಕೊಂಡರು — ಸುಮ್ಮನಿದ್ದೆನಲ್ಲ.

ಈಗಷ್ಟೇ ಅಕ್ಕ ನನ್ನ ತಾಟಿಗೆ ರೊಟ್ಟಿ ಹಾಕಿ ಹೋದಳು, ಎಂದಿನಂತೆ. ಬೈದಿದ್ದರೆ ಚೆನ್ನಾಗಿತ್ತು. ನಾಳೆ ಹಾಜರಿ ಕರೆಯುವಾಗ ಗೌರವ್ವ ಎಂಬ ಹೆಸರಿನ ಮೇಲೆ ಗೀಟು ಎಳೆಯಬೇಕಾದವನು ನಾನೇ.