ಇಳಿಜಾರಿನಲ್ಲಿ ನಿಂತ ಕಾತ್ರೆಲ್

ಅಂಬಾನಿದಿಯಾ, ಅಂತನನರಿವೊ
ಭಾನುವಾರ, 23 ಸೆಪ್ಟೆಂಬರ್ 2012

ನನ್ನ ಮುದ್ದು ಮಿಯಾಲಿಗೆ,

ನೀನು, ನಿನ್ನ ಗಂಡ, ಕೂಸು ಮೂವರೂ ಆರೋಗ್ಯವಾಗಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡಿದ್ದೀಯ, ಗೊತ್ತು. ಶಾಲೆ ಶುರುವಾಗುವ ಕಾಲ, ಅಂಗಡಿ ತುಂಬ ಮಕ್ಕಳ ಸಮವಸ್ತ್ರ ಬಿದ್ದಿದೆ ಎಂದು ನೆಪ ಹೇಳಬಹುದಿತ್ತು. ಆದರೆ ನೀನು ದರ್ಜಿಯ ಮಗಳು, ಆ ನೆಪವನ್ನು ನಾನು ಎಷ್ಟು ಗಿರಾಕಿಗಳಿಗೆ ಹೇಳಿದ್ದೇನೆಂದು ಕಣ್ಣಾರೆ ಕಂಡವಳು. ಫೋನಿನಲ್ಲಿ ಹೇಳೋಣವೆಂದರೆ ನಿನ್ನಮ್ಮ ಪಕ್ಕದಲ್ಲೇ ಕೂತು ಕಿವಿ ಕೊಟ್ಟಿರುತ್ತಾಳೆ. ಇವತ್ತು ಅವಳು ಚರ್ಚಿಗೆ ಹೋಗಿದ್ದಾಳೆ, ಅಲ್ಲಿಂದ ತಂಗಿಯ ಮನೆಗೆ ಹೋಗುತ್ತಾಳೆ. ಸಂಜೆಯವರೆಗೆ ಮನೆಯಲ್ಲಿ ನಾನೊಬ್ಬನೇ.

ಕೂಸಿನ ಫೋಟೋ ನೋಡಿದೆ. ಮೂಗು ನಮ್ಮ ಕಡೆಯದು, ಪಾಪ. ನಿನ್ನಮ್ಮ ಅದನ್ನು ಬೀದಿಯ ಮನೆಮನೆಗೂ ತೋರಿಸಿ ಬಂದಳು. ಬಾಣಂತನದಲ್ಲಿ ಬಿಸಿನೀರು ಬಿಟ್ಟು ಬೇರೆ ಮುಟ್ಟಬೇಡ ಎಂದು ಹೇಳಲು ಹೇಳಿದ್ದಾಳೆ. ಮಹಜಂಗದ ಸೆಖೆಯಲ್ಲಿ ಬಿಸಿನೀರು ಯಾರು ಕುಡಿಯುತ್ತಾರೆ ಎಂದು ನಾನು ಕೇಳಿದ್ದಕ್ಕೆ ಬೈಸಿಕೊಂಡೆ.

ಈಗ ನಿನ್ನ ಕಾಗದದ ಮಾತಿಗೆ ಬರುತ್ತೇನೆ. 'ಅಪ್ಪ, ಆ ಕಾರನ್ನು ಗುಜರಿಗೆ ಹಾಕಿಬಿಡಿ. ಅದೊಂದು ಅಪಶಕುನ. ಸ್ವಂತ ಮಗನ ಕಲ್ಲು ನಿಲ್ಲಿಸುವ ದಿನ ಅಪ್ಪ ಇಲ್ಲದ ಹಾಗೆ ಮಾಡಿತು' ಎಂದು ಬರೆದಿದ್ದೀಯ. ನಿನಗೆ ಸಿಟ್ಟು ಬರುವುದು ಸಹಜ. ಹಸಿ ಬಾಣಂತಿ, ಬರಲಾಗದೆ ಅಲ್ಲಿ ಕೂತು ಅತ್ತಿದ್ದೀಯ. ಆದರೆ ಆ ಕಾರಿನ ಮೇಲೆ ತಪ್ಪು ಹೊರಿಸುವ ಮೊದಲು ನಾನು ಹೇಳುವುದನ್ನು ಕೇಳು.

ನೀನು ಮದುವೆಯಾಗಿ ಹೋದ ಮೇಲೆ ಬಂದ ಗಾಡಿ ಅದು. ಹಾಗಾಗಿ ಅದರ ಪೂರ್ವಾಶ್ರಮ ನಿನಗೆ ತಿಳಿಯದು. ನಿನ್ನ ತಮ್ಮ ಸಿತ್ರಾಕ ಅದನ್ನು ಕಂಡುಹಿಡಿದದ್ದು ಒಬ್ಬ ಮುದುಕಿಯ ಹಿತ್ತಿಲಲ್ಲಿ. ಅರವತ್ತನಾಲ್ಕನೇ ಇಸವಿಯ ಕಾತ್ರೆಲ್, ಹಳೇ ಟ್ಯಾಕ್ಸಿಯವರು ಓಡಿಸುವ ಅದೇ ಪುಟ್ಟ ಫ್ರೆಂಚ್ ಕಾರು, ಮೂರೇ ಗೇರಿನದು. ಚಕ್ರಗಳಿಲ್ಲ, ಗಾಜುಗಳಿಲ್ಲ, ಒಳಗೆ ಹನ್ನೆರಡೋ ಹದಿಮೂರೋ ಕೋಳಿಗಳು. ಸ್ಟಿಯರಿಂಗ್ ಮೇಲೆ ಹುಂಜ ಕೂತಿತ್ತು. ಮುದುಕಿ ಹಣದ ಮಾತನ್ನೇ ಎತ್ತಲಿಲ್ಲ. "ಗಾಡಿ ಬೇಕಾದ್ರೆ ತಗೊಂಡು ಹೋಗಪ್ಪ. ಆದ್ರೆ ನನ್ ಕೋಳಿ ರಾತ್ರಿ ಎಲ್ಲಿ ಮಲಗ್ಬೇಕು, ಅದನ್ನ ಮೊದ್ಲು ಹೇಳು" ಅಂದಳು. ಹಾಗಾಗಿ ನಾವಿಬ್ಬರೂ ಎರಡು ಶನಿವಾರ ಕೂತು ಅವಳಿಗೊಂದು ಕೋಳಿಗೂಡು ಕಟ್ಟಿಕೊಟ್ಟೆವು. ನಿನ್ನ ತಮ್ಮ ಅದಕ್ಕೆ ಎರಡು ಕಿಟಕಿ ಇಟ್ಟ. ಕಾರಿನಲ್ಲಿದ್ದು ಅಭ್ಯಾಸವಾದ ಕೋಳಿಗಳಿಗೆ ಹೊರಗೆ ನೋಡಲು ಬೇಕಂತೆ.

ತಳ್ಳುಗಾಡಿಯ ಮೇಲೆ ಅದನ್ನು ಮನೆಗೆ ತಂದಾಗ ನಿನ್ನಮ್ಮ ಬಾಗಿಲಲ್ಲೇ ನಿಂತು, "ಮೊಟ್ಟೆ ಎಲ್ಲಿ?" ಅಂದಳು. ಒಳಗೆ ಬಿಡಲು ಒಪ್ಪಿದ್ದು ಪೂರ್ತಿ ತೊಳೆದ ಮೇಲೆ.

ಅದರ ತಳ ಪೂರ್ತಿ ತುಕ್ಕು ತಿಂದು ಹೋಗಿತ್ತು. ಸೀಟಿನಲ್ಲಿ ಕೂತರೆ ಕಾಲು ನೆಲಕ್ಕೇ ತಾಗುತ್ತಿತ್ತು. ನಮ್ಮ ಬೀದಿಯ ಕೊನೆಯಲ್ಲಿ ಟಿಂಕರ್ ಕೆಲಸ ಮಾಡುವ ನೊಯೆಲ್ ಇದ್ದಾನಲ್ಲ, ಅವನು ಎಣ್ಣೆ ಡಬ್ಬಗಳನ್ನು ಬಿಚ್ಚಿ ತಟ್ಟಿ ತಳಕ್ಕೆ ತಗಡು ಕೂರಿಸಿದ. ನಾನು ಅದನ್ನು ನೋಡಿ, ಇದು ನಮ್ಮ ತೇಪೆ ಕೆಲಸವೇ ಅಂದೆ. ಸೀಟು, ಚಾವಣಿಯ ಅಸ್ತರು, ಬಾಗಿಲ ಒಳಗಿನ ಬಟ್ಟೆ ಎಲ್ಲ ನನ್ನ ಪಾಲಿಗೆ ಬಂತು. ಶನಿವಾರ ಬಂತೆಂದರೆ ಅಪ್ಪ ಮಗ ಇಬ್ಬರಿಗೂ ಊಟದ ನೆನಪಿರುತ್ತಿರಲಿಲ್ಲ. ಒಂದು ತಿಂಗಳು ಬರೀ ಬಾಗಿಲ ಹಿಡಿಗಾಗಿ ಇಸೊತ್ರಿಯ ಹಳೇ ಸಾಮಾನಿನ ಸಂತೆ ಸುತ್ತಿದೆವು. ಸಿಕ್ಕ ದಿನ ಸಿತ್ರಾಕ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಮಲಗಿದ. ಮಿಯಾಲಿ, ನನ್ನ ಜೀವನದಲ್ಲಿ ನಾನು ಇಷ್ಟಪಟ್ಟು ಮಾಡಿದ ಕೆಲಸ ಅದೊಂದೇ ಇರಬೇಕು. ಹೊಲಿಗೆಯನ್ನು ನಾನು ಹೊಟ್ಟೆಪಾಡಿಗೆ ಕಲಿತವನು.

ಆಮೇಲೆ ಅವನಿಗೆ ಮೀನು ಹಿಡಿಯುವ ಆ ಹಡಗಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಹೊರಡುವ ದಿನ ಬಾನೆಟ್ ಮೇಲೆ ಕೈಯಿಟ್ಟು, "ಅಪ್ಪ, ನಾನು ಬರೋವರೆಗೂ ಎಂಜಿನ್ನಿಗೆ ಮಾತ್ರ ಕೈ ಹಾಕ್ಬೇಡಿ. ನಿಮ್ಮನ್ನ ಬಿಟ್ರೆ ಅದಕ್ಕೂ ಕಾಜಾ ಹೊಲಿದು ಗುಂಡಿ ಹಾಕ್ತೀರ" ಅಂದ. ನಾನು ಹಾಕಲಿಲ್ಲ. ಅವನು ಹಡಗಿನಿಂದ ಬಿದ್ದನೆಂದು ಸುದ್ದಿ ಬಂದಾಗ ಹಿಂದಿನ ಸೀಟಿಗೆ ಕೊನೆಯ ಹೊಲಿಗೆ ಹಾಕುತ್ತಿದ್ದೆ. ಹುಡುಕಿದರಂತೆ, ಸಿಗಲಿಲ್ಲವಂತೆ. ಇದೆಲ್ಲ ನಿನಗೂ ಗೊತ್ತು, ನಾನೇಕೆ ಬರೆಯುತ್ತಿದ್ದೇನೋ.

ಒಂದು ವರ್ಷ ಗಾಡಿ ಟಾರ್ಪಾಲಿನ ಕೆಳಗೇ ಇತ್ತು. ಟಾರ್ಪಾಲು ತೆಗೆದವಳು ನಿನ್ನಮ್ಮ. ಒಂದು ಬೆಳಿಗ್ಗೆ ನೋಡುತ್ತೇನೆ, ಅಂಗಳದಲ್ಲಿ ನೊಯೆಲ್‌ನನ್ನು ನಿಲ್ಲಿಸಿಕೊಂಡು, "ಎಂಜಿನ್ ನೀನು ಮಾಡು. ಇವ್ರು ಪಕ್ಕದಲ್ಲಿ ಕೂತು ಸಾಮಾನು ಕೊಡ್ತಾರೆ. ಮನುಷ್ಯ ಮಾತಾಡೋದನ್ನೇ ಮರ್ತಿದಾರೆ" ಅನ್ನುತ್ತಿದ್ದಳು. ಹಾಗೆ ಮತ್ತೆ ಶನಿವಾರಗಳು ಶುರುವಾದವು. ಒಂದು ವಾರ ಒಂದು ಬೋಲ್ಟು ಬಿಚ್ಚುವುದರಲ್ಲೇ ಕಳೆಯುತ್ತಿತ್ತು. ನೊಯೆಲ್ ಅವಸರದ ಮನುಷ್ಯನಲ್ಲ, ನನಗೂ ಮುಗಿಸುವ ಅವಸರವಿರಲಿಲ್ಲ.

ಈ ವರ್ಷ ಈಸ್ಟರ್ ಕಳೆದ ಮೇಲೆ ಅದು ಓಡಿತು. ನಾನೂ ನಿನ್ನಮ್ಮನೂ ಮಂತಸುವಾ ಕೆರೆಯವರೆಗೆ ಹೋಗಿಬಂದೆವು. ಬುತ್ತಿಗೆ ಅನ್ನ, ಒಣಮೀನು, ಬಾಳೆಎಲೆಯಲ್ಲಿ ಸುತ್ತಿದ ಕೊಬಾ ಕಡುಬು. ದಾರಿಯಲ್ಲಿ ಹಳೇ ಟ್ಯಾಕ್ಸಿಯವರೆಲ್ಲ ಹಾರನ್ ಹೊಡೆದು ಕೈ ಬೀಸಿದರು. ಇಳಿಜಾರು ಬಂದಾಗ ನಾನೂ ಅವರ ಹಾಗೇ ಪೆಟ್ರೋಲ್ ಉಳಿಸಲು ಎಂಜಿನ್ ಆರಿಸಿ ಗಾಡಿಯನ್ನು ಸುಮ್ಮನೆ ಬಿಟ್ಟೆ. ಸದ್ದಿಲ್ಲ, ಗಾಳಿ ಮಾತ್ರ. ನಿನ್ನಮ್ಮ ಮೊದಲು ಹೆದರಿ ನನ್ನ ತೋಳು ಹಿಡಿದಳು, ಆಮೇಲೆ ನಗಲು ಶುರುಮಾಡಿದಳು. ಮಗ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಆಮೇಲೆ ಪ್ರತಿ ಭಾನುವಾರ ಎಲ್ಲಿಗಾದರೂ ಹೋಗುತ್ತಿದ್ದೆವು.

ಜೂನ್‌ನಲ್ಲಿ ನಿನ್ನ ದೊಡ್ಡಪ್ಪ ರಜಾಫಿ ಹಳ್ಳಿಯಿಂದ ಬಂದ. ಈ ಚಳಿಗಾಲದಲ್ಲಿ ಸಮಾಧಿ ತೆರೆದು ಹಿರಿಯರಿಗೆ ಹೊಸ ಬಟ್ಟೆ ಹೊದಿಸುವುದಿದೆ, ಅದರ ಜೊತೆಗೇ ಸಿತ್ರಾಕನ ಕಲ್ಲನ್ನೂ ನಿಲ್ಲಿಸೋಣ ಅಂದ. ಜೋಯಿಸನಿಂದ ದಿನ, ಗಳಿಗೆ ಎರಡೂ ತೆಗೆಸಿಕೊಂಡೇ ಬಂದಿದ್ದ. "ನಮ್ಮನೆತನದ ಪದ್ಧತಿ ನಿನಗೇನು ಹೊಸದಲ್ಲ. ನೀರಲ್ಲಿ ಹೋದವನಿಗೆ ಕಲ್ಲೇ ಮೈ. ಹೆತ್ತಪ್ಪ ನಿಂತು ಹೆಸರು ಹಿಡಿದು ಕರೆದ್ರೆ ಬಂದು ಸೇರ್ತಾನೆ. ಇಲ್ದಿದ್ರೆ ಹುಡುಗ ಅಲ್ಲೇ ಅಲೀತಾ ಇರ್ತಾನೆ ಕಣೋ" ಅಂದ. ನಾನು ಆಗಲಿ ಅಂದೆ. ನಿನ್ನಮ್ಮ, "ಕಾತ್ರೆಲ್ ತಗೊಂಡು ಬನ್ನಿ. ಅವನ ಗಾಡಿ ಅವನ ಕಲ್ಲಿನ ಪಕ್ಕ ನಿಲ್ಲಲಿ" ಅಂದಳು. ಅವಳು ಹಿಂದಿನ ದಿನವೇ ಅಡುಗೆಗೆಂದು ಹೆಂಗಸರ ಜೊತೆ ವ್ಯಾನಿನಲ್ಲಿ ಹೋದಳು. ನಾನು ಬೆಳಿಗ್ಗೆ ಒಬ್ಬನೇ ಹೊರಟೆ.

ಮುಂದಿನದನ್ನು ನಿನಗೆ ಎಲ್ಲರೂ ಹೇಳಿದ್ದಾರೆ. ಹಳ್ಳಿಗೆ ಇಳಿಯುವ ಕೊನೆಯ ಇಳಿಜಾರಿನಲ್ಲಿ ಪೆಟ್ರೋಲಿನ ಕೊಳವೆ ಕಟ್ಟಿಕೊಂಡು ಗಾಡಿ ನಿಂತಿತು. ನಾನು ತಲುಪುವಷ್ಟರಲ್ಲಿ ಗಳಿಗೆ ಮೀರುತ್ತಿತ್ತು, ಜೋಯಿಸ ಕಾಯಲು ಬಿಡಲಿಲ್ಲ, ಅಪ್ಪನ ಬದಲು ದೊಡ್ಡಪ್ಪನೇ ಕರೆದ. ಕಲ್ಲು ನಿಂತಿತು. ಮೊನ್ನೆಯವರೆಗೆ ನಾನೂ ಹೀಗೇ ಹೇಳಿಕೊಂಡು ಬಂದೆ. ಊಟಕ್ಕೆ ಕೂತಾಗ ಸೋದರಳಿಯಂದಿರು, "ಮಾವ, ಹೇಂಟೆ ಕಾವಿಗೆ ಕೂತುಬಿಡ್ತಾ?" ಎಂದು ತಮಾಷೆ ಮಾಡಿದರು. ನನ್ನ ದುಃಖ ಮರೆಸಲೆಂದು ಹಾಗೆ ಅಂದದ್ದು. ನಾನೂ ನಕ್ಕು, ಕೊಬ್ಬಿನ ಹಂದಿಮಾಂಸದ ಅನ್ನ ತಿಂದು ಎದ್ದೆ.

ಪೆಟ್ಟು ಬಿದ್ದದ್ದು ನೊಯೆಲ್‌ಗೆ. ಕಲ್ಲು ನಿಲ್ಲಿಸುವ ದಿನ ಅವನು ರಿಪೇರಿ ಮಾಡಿದ ಗಾಡಿ ಕೈಕೊಟ್ಟಿತು ಎಂಬ ಮಾತು ಬೀದಿಯಲ್ಲಿ ಹಬ್ಬಿತು. ಮರುದಿನವೇ ಬಂದು ಬಾನೆಟ್ ಎತ್ತಿದ. ಕೊಳವೆ ಬಿಚ್ಚಿ ಬಾಯಿಂದ ಊದಿದ, ಕಾರ್ಬುರೇಟರ್ ಬಿಚ್ಚಿದ, ಟ್ಯಾಂಕು ಇಳಿಸಿದ. ಏನೂ ಸಿಗಲಿಲ್ಲ. "ಅಣ್ಣಾ, ಕಸ ಎಲ್ಲೋ ಇದೆ, ನಾನೇ ಬಿಟ್ಟಿರ್ತೀನಿ. ನಿಮ್ ಮಗನ ದಿನ ನನ್ನಿಂದ ಹಾಳಾಯ್ತು" ಅಂದ. ನಾನು, ಬಿಡಪ್ಪ, ಆದದ್ದು ಆಯಿತು ಅಂದೆ. ಅವನು ಬಿಡಲಿಲ್ಲ. ಪ್ರತಿ ಶನಿವಾರ ಬಂದು ಒಂದೊಂದೇ ಬಿಚ್ಚುತ್ತ ಹೋದ. ಈಗ ಎಂಜಿನ್ ಅಂಗಳದಲ್ಲಿ ಗೋಣಿಯ ಮೇಲೆ ತುಂಡುತುಂಡಾಗಿ ಬಿದ್ದಿದೆ. ಮೊದಲಿನ ಹಾಗೆ ಪಕ್ಕದಲ್ಲಿ ಕೂತು ಸಾಮಾನು ಕೊಡಲು ನನ್ನಿಂದ ಆಗುತ್ತಿಲ್ಲ. ಅಂಗಡಿಯಲ್ಲಿ ಕೆಲಸವಿದೆ ಎಂದು ತಪ್ಪಿಸಿಕೊಳ್ಳುತ್ತೇನೆ.

ಹೋದ ವಾರ ಅವನು ಕೈ ಒರೆಸಿಕೊಂಡು ಹೋದ ಮೇಲೆ ನಿನ್ನಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು. ತಲೆ ಎತ್ತದೆ ಹೇಳಿದಳು: "ಪಾಪದವನು, ಎಷ್ಟು ಹುಡುಕ್ತಾನೆ. ಈ ಊರಲ್ಲಿ ಇಳಿಜಾರಿಗೆ ಎಂಜಿನ್ ಹಾಕ್ಕೊಂಡು ಯಾರಾದ್ರೂ ಇಳೀತಾರಾ? ನೀವಂತೂ ಇಳಿಯಲ್ಲ. ಪೆಟ್ರೋಲ್ ಬಂದ್ರೆಷ್ಟು, ಬಿಟ್ರೆಷ್ಟು. ಗಾಡಿ ತಾನಾಗಿ ಉರುಳ್ಕೊಂಡು ಕಲ್ಲಿನ ಹತ್ರ ಬರ್ತಿತ್ತು."

ನಾನು ಅಂಗಡಿಗೆಂದು ಏಳಲು ಹೊರಟೆ.

"ಇಳಿಜಾರಲ್ಲಿ ಗಾಡಿ ನಿಲ್ಬೇಕಾದ್ರೆ ಯಾರಾದ್ರೂ ಬ್ರೇಕ್ ಹಾಕ್ಬೇಕು" ಅಂದಳು. ಅಷ್ಟೇ. ಅಕ್ಕಿ ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಊಟಕ್ಕೆ ಬಡಿಸುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಅದಕ್ಕಿಂತ ಹೆಚ್ಚಿಲ್ಲ. ಅವಳು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಗಾಡಿ ಜೋಡಿಸಿದರೂ ಇನ್ನು ಅವಳು ಅದರಲ್ಲಿ ಕೂರುವುದಿಲ್ಲ.

ಹಾಗಾಗಿ ಮಗಳೇ, ಗಾಡಿಯನ್ನು ಬೈಯಬೇಡ, ನೊಯೆಲ್‌ನನ್ನೂ ಬೈಯಬೇಡ. ಗುಜರಿಗೆ ಹಾಕುವುದಾದರೆ ಹಾಕೋಣ, ನನಗೆ ಈಗ ಎರಡೂ ಒಂದೇ. ನಿನ್ನ ಗಂಡನಿಗೆ ನನ್ನ ಆಶೀರ್ವಾದ ತಿಳಿಸು. ಕೂಸಿಗೆ ಎರಡು ಅಂಗಿ ಹೊಲಿದು ಇದರ ಜೊತೆ ಕಳಿಸಿದ್ದೇನೆ, ತೋಳು ಸ್ವಲ್ಪ ಉದ್ದವಿರಬಹುದು, ಮಡಚಿ ಹಾಕು. ನಮ್ಮ ಹಿರಿಯರು ಹಣೆಗೆ ನೀರು ಚಿಮುಕಿಸಿ ಹರಸುವ ಹಾಗೆ ಇಲ್ಲಿಂದಲೇ ನಿಮ್ಮ ಮೂವರನ್ನೂ ಹರಸುತ್ತೇನೆ. ನೂರು ಕಾಲ ಬಾಳಿ. ನೀರಿನ ಹತ್ತಿರ ಮಗುವನ್ನು ಕರೆದುಕೊಂಡು ಹೋಗಬೇಡ.

ಇಂತಿ,
ನಿನ್ನ ಅಪ್ಪ,
ರಾಂದ್ರಿಯಾಂಬೆಲು

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಬ್ರೇಕ್ ಹಾಕಿದ್ದು ನಾನೇ. ಅಲ್ಲಿಂದ ಎಲ್ಲ ಕಾಣುತ್ತಿತ್ತು. ಮಲಗಿಸಿದ್ದ ಕಲ್ಲು, ತುತ್ತೂರಿಯವರು, ನಾನು ಹೊಲಿದ ನೀಲಿ ಲಂಗದಲ್ಲಿ ದಾರಿ ನೋಡುತ್ತಿದ್ದ ನಿನ್ನಮ್ಮ. ಮಗ ಬದುಕಿದ್ದಾನೆಂದು ಕಾಯುವ ಹುಚ್ಚು ನನಗಿಲ್ಲ, ಅದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡ. ಅವನು ಸತ್ತಿದ್ದಾನೆ. ನನಗೆ ಬೇರೆಯೇ ಭಯವಾಯಿತು. ಕರೆದೆನೆಂದುಕೋ, ಅವನು ಬರದಿದ್ದರೆ? ಕರೆಯದಿದ್ದಷ್ಟು ದಿನ, ನಾನು ಕರೆದಿಲ್ಲ, ಅದಕ್ಕೆ ಬಂದಿಲ್ಲ ಎಂದುಕೊಂಡು ಇರಬಹುದಿತ್ತು. ದೊಡ್ಡಪ್ಪ ಕರೆದಾಗ ಅವನು ಬಂದನೆಂದು ಎಲ್ಲರೂ ಹೇಳುತ್ತಾರೆ. ಆಮೇಲೆ ಒಂದು ದಿನ ಯಾರಿಗೂ ಹೇಳದೆ ಬಸ್ಸಿನಲ್ಲಿ ಹೋಗಿ ಆ ಕಲ್ಲನ್ನು ಮುಟ್ಟಿ ನೋಡಿದೆ. ಅದು ಕಲ್ಲು, ಮಿಯಾಲಿ. ಅಲ್ಲಿ ಯಾರೂ ಇಲ್ಲ. ಒಬ್ಬರು ಕರೆದ ಮೇಲೆ ಇನ್ನೊಬ್ಬರು ಕರೆಯುವ ಹಾಗೂ ಇಲ್ಲ.

ಕೂಸಿಗೆ ಸಿತ್ರಾಕ ಎಂದು ಹೆಸರಿಡುತ್ತೇವೆ, ಅಪ್ಪನಿಗೆ ಸಂತೋಷವಾಗುತ್ತದೆ ಎಂದು ಬರೆದಿದ್ದೀಯ. ಬೇಡಮ್ಮ. ನೀವು ಇಲ್ಲಿಗೆ ಬಂದಾಗ ದಿನವಿಡೀ ಯಾರಾದರೊಬ್ಬರು ಆ ಹೆಸರು ಕೂಗುತ್ತಾರೆ, ಕೂಗಿದಾಗಲೆಲ್ಲ ಒಂದು ಮಗು ಓಡಿ ಬರುತ್ತದೆ. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ.