ಬಾಯಾರಿದ ಕರಟ

ಮಾರ್ಚ್ ೯, ಸೋಮವಾರ

ಪ್ರೀತಿಯ ಸೊಸೆಗೆ,

ಭಗವಂತನು ನಿನ್ನನ್ನು ಕ್ಷೇಮವಾಗಿಟ್ಟಿರಲಿ. ಮಗಳೇ ಎಂದು ಬರೆಯಹೊರಟ ಕೈ ತಾನಾಗಿ ನಿಂತಿತು. ಕಾರಣ ಮುಂದೆ ಓದಿದಾಗ ನಿನಗೇ ತಿಳಿಯುತ್ತದೆ.

ನೀನು ಮನೆ ಬಿಟ್ಟು ಇಂದಿಗೆ ಏಳು ತಿಂಗಳು. ನೀನು ಕೆಲಸ ಮಾಡುತ್ತಿದ್ದ ಶೆಡ್ಡಿಗೆ ನಿನ್ನ ಗಂಡ ಬೀಗ ಹಾಕಿದ್ದಾನೆ. ಅಚ್ಚುಗಳು ತುಕ್ಕು ಹಿಡಿದಿವೆ. "ಕಾಯಿ ತಿನ್ನೋರನ್ನ ನೋಡಿದೀನಿ, ಕರಟದಲ್ಲಿ ಸೂರು ಕಟ್ಟೋರನ್ನ ಈಗಲೇ ನೋಡ್ತಿರೋದು" ಎಂದು ನಗುತ್ತಿದ್ದ ಎದುರುಮನೆಯ ಗಾರೆಯವನು ಈಗಲೂ ನಿನ್ನ ಸುದ್ದಿ ಕೇಳುತ್ತಾನೆ. ನಗುವುದಿಲ್ಲ.

ಜಲ್ಲಿಯ ಬದಲು ಕರಟದ ಚೂರು ಬೆರೆಸಿದರೆ ಕಾಂಕ್ರೀಟು ಹಗುರವಾಗುತ್ತದೆ, ನಮ್ಮೂರ ಹಳೆಯ ಶಾಲೆಯ ದುರ್ಬಲ ಗೋಡೆಗಳೂ ಅಂಥ ಸೂರನ್ನು ಹೊರಬಲ್ಲವು ಎಂಬ ನಂಬಿಕೆಯಿಂದ ನೀನು ಮೂರು ವರ್ಷ ದುಡಿದೆ. ಚೂರುಗಳನ್ನು ಒಂದಿಡೀ ದಿನ ನೆನೆಹಾಕುವ ಕೆಲಸವನ್ನು ನಾನೇ ಹಟಮಾಡಿ ಪಡೆದಿದ್ದೆ. "ಬಾಯಾರಿದ ಕರಟ ಸಿಮೆಂಟಿನ ಪಾಲಿನ ನೀರನ್ನೇ ಕುಡಿದುಬಿಡುತ್ತೆ ಮಾವ, ಆಮೇಲೆ ಅದು ಗಟ್ಟಿಯಾಗಲ್ಲ" ಎಂದು ನೀನು ಹೇಳಿದ್ದು ನನಗೆ ಮರೆತಿರಲಿಲ್ಲ.

ಪರೀಕ್ಷೆಯ ಚಪ್ಪಡಿಯನ್ನು ಎರಕ ಹೊಯ್ಯುವ ಹಿಂದಿನ ದಿನ ತೊಟ್ಟಿಯ ನೀರು ನೊರೆಗಟ್ಟಿ ಹುಳಿ ನಾತ ಬರುತ್ತಿತ್ತು. ಮಕ್ಕಳ ತಲೆಯ ಮೇಲಿನ ಸೂರಿಗೆ ಅಶುಚಿಯಾದದ್ದು ಸೇರಬಾರದೆಂದು ನೀರು ಚೆಲ್ಲಿ, ಚೂರುಗಳನ್ನು ತೊಳೆದು ಬಿಸಿಲಿಗೆ ಹರವಿದೆ. ಸಂಜೆ ಮತ್ತೆ ನೆನೆಹಾಕಬೇಕಿತ್ತು. ಧ್ಯಾನಕ್ಕೆ ಕುಳಿತವನು ಮರೆತೆ. ಮರುದಿನ ನಿನ್ನ ಹೆಜ್ಜೆಯ ಸದ್ದಾದಾಗ ನಾಲ್ಕು ತಂಬಿಗೆ ನೀರು ಚಿಮುಕಿಸಿ ನಿನ್ನ ಮುಂದಿಟ್ಟೆ.

ಇಪ್ಪತ್ತೆಂಟು ದಿನಗಳ ತರುವಾಯ ಶಾಲೆಯ ಪರವಾಗಿ ಪರೀಕ್ಷಿಸಲು ಬಂದ ಇಂಜಿನಿಯರು ಹೇರಿಸಿದ ಮೂರನೆಯ ಮರಳುಚೀಲಕ್ಕೇ ಚಪ್ಪಡಿ ಎರಡಾಯಿತು. "ಮೂರು ವರ್ಷ ಮಣ್ಣುಪಾಲು ಮಾಡಿದೆಯಲ್ಲೇ" ಎಂದು ನಿನ್ನ ಗಂಡ ಎಲ್ಲರೆದುರು ಅಂದ. ನೀನು ಅವನತ್ತ ತಿರುಗದೆ ನನ್ನನ್ನು ಕೇಳಿದೆ:

"ಮಾವ, ಕರಟ ನೆನೆದಿತ್ತು ತಾನೇ?"

"ನೆನೆದಿತ್ತಮ್ಮ" ಎಂದೆ.

ನಿತ್ಯವೂ ನಾಲ್ಕು ಜನರಿಗೆ ಸತ್ಯದ ಮಹಿಮೆಯನ್ನು ಬೋಧಿಸುವ ನಾಲಗೆ ಅದು. "ಹಾಗಾದ್ರೆ ತಪ್ಪು ನನ್ನ ಅಳತೇದೇ" ಎಂದು ನೀನು ಒಪ್ಪಿಕೊಂಡೆ. ವಾರದೊಳಗೆ ಹೊರಟೆ. ಬಾಗಿಲವರೆಗೆ ನಿನ್ನ ಚೀಲ ಹೊತ್ತು ತಂದವನು ನಾನೇ.

ಇಂದು ಮಗನಿಗೆ ಎಲ್ಲವನ್ನೂ ಹೇಳಿದೆ. ಅವನು, "ಇವತ್ತು ಹೇಳ್ತಿದೀಯಲ್ಲಪ್ಪ" ಎಂದಷ್ಟೇ ಅಂದ. ಇಂಜಿನಿಯರಿಗೂ ತಿಳಿಸಿದೆ. ಶಾಲೆಗೆ ಆಗಲೇ ತಗಡು ಹೊದಿಸಿಯಾಯಿತಂತೆ.

ಕ್ಷಮೆ ಯಾಚಿಸುವ ಯೋಗ್ಯತೆ ನನಗಿಲ್ಲ. ನಿನ್ನ ಅಳತೆಯಲ್ಲಿ ದೋಷವಿರಲಿಲ್ಲವೆಂಬುದನ್ನು ಮಾತ್ರ ನಂಬು. ನೀನು ಬಿಟ್ಟುಹೋದ ಅಳತೆಯ ಪುಸ್ತಕವನ್ನು ಇದರೊಡನೆ ಕಳುಹಿಸುತ್ತಿದ್ದೇನೆ. ನಿನ್ನದೆಂದು ಈವರೆಗೆ ತೆರೆದಿಲ್ಲ.

ಇತಿ,
ನಿನ್ನ ನಂಬಿಕೆಗೆ ಎರವಾದ
ಮಾವ

ತಾ.ಕ.: ಪುಸ್ತಕಕ್ಕೆ ಕಾಗದ ಸುತ್ತುವಾಗ ಕೊನೆಯ ಹಾಳೆ ಕಣ್ಣಿಗೆ ಬಿತ್ತು. ಚಪ್ಪಡಿ ಮುರಿದ ದಿನದ ತಾರೀಖು, ನಿನ್ನ ಕೈಬರಹ: "ಸಂಜೆ ಒಡೆದ ತುಂಡು ನೋಡಿದೆ. ಕರಟದ ಸುತ್ತ ಸಿಮೆಂಟು ಹಿಟ್ಟಾಗಿಯೇ ಉಳಿದಿದೆ. ನೆನೆದಿರಲಿಲ್ಲ. ಮಾವನವರನ್ನು ಮತ್ತೆ ಕೇಳಬಾರದು."

ಇನ್ನೊಮ್ಮೆ ಕೇಳಬಾರದಿತ್ತೇ, ಮಗಳೇ.