ನಿಲ್ಲದೆ ಓಡಿದ ಒಂದು ಸುತ್ತು

ಮೊಳಕಾಲ್ಮೂರು,
೩ ಡಿಸೆಂಬರ್ ೨೦೨೪, ಮಂಗಳವಾರ

ನನ್ನ ಮುದ್ದು ತೇಜು,

ಹೇಗಿದ್ದೀಯಮ್ಮಾ? ದೀಪಾವಳಿಗೆ ಬಂದಾಗ ಕೆಮ್ಮುತ್ತಿದ್ದೆಯಲ್ಲ, ಹೋಯಿತೇ? ನಿನ್ನ ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ಹಿಂಡಿಯ ಧೂಳು ಜಾಸ್ತಿ ಎಂದಿದ್ದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಬಿಲ್ಲು ಬರಿ, ಯಾರಾದರೂ ನಕ್ಕರೆ ನಗಲಿ. ಹಾಸ್ಟೆಲಿನಲ್ಲಿ ಬೆಳಗಿನ ತಿಂಡಿ ಬಿಡಬೇಡ. ಇಲ್ಲಿ ನಿಮ್ಮಪ್ಪನ ಭುಜದ ನೋವು ಹಾಗೇ ಇದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಯರ್ರಮ್ಮಜ್ಜಿ ಗಟ್ಟಿಯಾಗಿದ್ದಾಳೆ, ದಿನಕ್ಕೆ ನಾಲ್ಕು ಸಲ ನನ್ನನ್ನು ಬೈಯುವಷ್ಟು. ಫೋನು ಇರುವಾಗ ಅವ್ವ ಇದೇನು ಕಾಗದ ಬರೆದಿದ್ದಾಳೆ ಎಂದು ನಿನಗೆ ಅನಿಸಬಹುದು. ಫೋನಿನಲ್ಲಿ ನೀನು "ಹ್ಞೂ ಅವ್ವ, ಇಡ್ಲಾ?" ಅನ್ನುತ್ತೀಯ, ನಾನು "ಇಡವ್ವ" ಅನ್ನುತ್ತೇನೆ. ಎರಡು ವರ್ಷವಾಗುತ್ತಾ ಬಂತು, ನಮ್ಮದು ಅಷ್ಟೇ ಮಾತು. ಹೇಳಬೇಕಾದ್ದು ಒಂದಿದೆ ತೇಜು. ಅದು ನಿನ್ನ ಓಟದ ವಿಷಯ, ನಿನ್ನ ಕಾಲೇಜಿನ ಆಟದ ಮೇಷ್ಟ್ರು ಈರೇಶ್ ಸರ್ ವಿಷಯ. ಅವರ ಹೆಸರು ಕಂಡ ಕೂಡಲೇ ಕಾಗದ ಮಡಚಿ ಇಡಬೇಡ, ನನ್ನಾಣೆ. ಯೂನಿವರ್ಸಿಟಿ ಓಟಕ್ಕೆ ಅವರು ನಿನ್ನ ಹೆಸರು ಕೈಬಿಟ್ಟರು ಎಂದು ನೀನು ಸಿಟ್ಟಿನಲ್ಲಿದ್ದೀಯ. ಆ ಸಿಟ್ಟಿನ ಬಗ್ಗೆಯೇ ಬರೆಯಲು ಕುಳಿತಿದ್ದೇನೆ. ಆದರೆ ಮೊದಲು ಬೇರೆ ಸುದ್ದಿ ಹೇಳಿ ಸ್ವಲ್ಪ ಧೈರ್ಯ ತಂದುಕೊಳ್ಳುತ್ತೇನೆ.

ಸುದ್ದಿ ಏನೆಂದರೆ, ನಿಮ್ಮವ್ವ ಓಡಲು ಶುರುಮಾಡಿದ್ದಾಳೆ. ನಗಬೇಡ! ಶ್ರಾವಣದಲ್ಲಿ ಕಾಲು ಜೋಮು ಹಿಡಿಯುತ್ತಿತ್ತು, ಎಷ್ಟು ನೀರು ಕುಡಿದರೂ ಬಾಯಾರಿಕೆ. ನಿಮ್ಮಪ್ಪ ನನ್ನನ್ನು ಚಳ್ಳಕೆರೆಗೆ ಕರೆದುಕೊಂಡು ಬಂದರು. ಹೌದು, ಚಳ್ಳಕೆರೆಗೇ. ನಿನ್ನ ಹಾಸ್ಟೆಲಿನಿಂದ ಎರಡು ಬೀದಿ ಆಚೆ ಡಾಕ್ಟರ ಮುಂದೆ ಕುಳಿತಿದ್ದು, ನಿನ್ನನ್ನು ನೋಡದೆ ವಾಪಸು ಬಸ್ಸು ಹತ್ತಿದೆ. ನಿಮ್ಮಪ್ಪ "ನಡಿ, ಮಗಳನ್ನ ನೋಡ್ಕಂಡು ಹೋಗಾಣ" ಅಂದರು. ನಾನೇ "ಕೆಲ್ಸದ ಹೊತ್ತು, ಸುಮ್ನೆ ಯಾಕೆ" ಅಂದೆ. ನಿನಗೆ ಮುಖ ಕೊಟ್ಟು ಮಾತಾಡಲು ಆಗುತ್ತಿರಲಿಲ್ಲ, ಅದು ನಿಜ. ಡಾಕ್ಟರಮ್ಮ ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು. ದಿನಕ್ಕೆ ಎಷ್ಟು ನಡೆಯುತ್ತೀರಿ ಎಂದು ಕೇಳಿದರು. ಬೆಳಗಿನಿಂದ ಸಂಜೆವರೆಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತವಳು ಎಲ್ಲಿಗೆ ನಡೆಯಲಿ? "ಬೆವರು ಬರಂಗೆ ನಡೀರಿ, ಅಭ್ಯಾಸ ಆದ್ಮೇಲೆ ನಿಧಾನಕ್ಕೆ ಓಡ್ರಿ" ಎಂದು ಹೇಳಿ ಅದನ್ನೇ ಚೀಟಿಯಲ್ಲೂ ಬರೆದರು. ಮಾತ್ರೆಯ ಚೀಟಿಯಲ್ಲಿ ಓಟ ಬರೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪಕ್ಕದ ಮನೆ ಗಂಗಲಕ್ಷ್ಮಿಯೂ ಜೊತೆಗೆ ಬಂದಳು. ಒಂದು ತಿಂಗಳು ಬರೀ ನಡೆದೆವು. ಆಮೇಲೆ ಒಂದು ಬೆಳಿಗ್ಗೆ ನುಂಕೆಮಲೆ ಕಡೆಯ ರಸ್ತೆಯಲ್ಲಿ ಯಾರೂ ಇಲ್ಲದ್ದು ನೋಡಿ, ಈ ಕಂಬದಿಂದ ಆ ಕಂಬದವರೆಗೆ ಓಡಿ ನೋಡೋಣ ಎಂದು ಸೀರೆ ಎತ್ತಿ ಕಟ್ಟಿದೆ. ಅರ್ಧ ದಾರಿಗೇ ಉಸಿರು ಬಾಯಿಗೆ ಬಂತು. ಪಕ್ಕೆಯಲ್ಲಿ ಚಳಕ್ ಅಂತ ಹಿಡಿದುಕೊಂಡಿತು. ಅಷ್ಟರಲ್ಲಿ ಹಾಲಿನ ಚಿಕ್ಕೀರಪ್ಪ ಎದುರಿಗೆ ಬಂದು ಗಾಬರಿಯಿಂದ ಬೈಕು ನಿಲ್ಲಿಸಿ, "ಏನಾತಕ್ಕಾ? ಯಾರಿಗೇನಾತು?" ಅಂದ. ನಮ್ಮ ಬೀದಿಯ ಹೆಂಗಸು ಓಡುತ್ತಾಳೆ ಎಂದರೆ ಯಾರೋ ಸತ್ತಿರಬೇಕು, ಇಲ್ಲ ಬೆಂಕಿ ಬಿದ್ದಿರಬೇಕು! ಆರೋಗ್ಯಕ್ಕೆ ಕಣಪ್ಪ ಎಂದರೆ ನಂಬಲೇ ಇಲ್ಲ ಪುಣ್ಯಾತ್ಮ. ನಾವು ಮನೆ ಮುಟ್ಟುವ ಹೊತ್ತಿಗೆ ನಾಲ್ಕು ಮನೆಗೆ ಹಾಲಿನ ಜೊತೆ ಸುದ್ದಿಯನ್ನೂ ಹಾಕಿ ಬಂದಿದ್ದ. ಅಜ್ಜಿ ಬಾಗಿಲಲ್ಲೇ ಕಾದಿದ್ದಳು, "ಏಮೇ, ಪಿಚ್ಚಿ ಪಟ್ಟಿಂದಾ ನೀಕು?" ಎಂದು. ಸಿಟ್ಟು ಬಂದರೆ ಅವಳಿಗೆ ತವರಿನ ತೆಲುಗೇ ಬರುವುದು, ನಿನಗೆ ಗೊತ್ತಲ್ಲ. ಹ್ಞೂ ಅತ್ತೆ, ಹುಚ್ಚೇ ಹಿಡಿದಿದೆ ಎಂದು ಒಳಗೆ ಹೋಗಿ ಒಂದು ಚೊಂಬು ನೀರು ಕುಡಿದೆ.

ಬರಿಗಾಲಲ್ಲಿ ಹಿಮ್ಮಡಿ ಒಡೆಯಿತು. ಅಟ್ಟದ ಮೇಲೆ ನೀನು ಗೋಣಿಚೀಲದಲ್ಲಿ ಕಟ್ಟಿ ಎಸೆದಿದ್ದ ಶೂ ನೆನಪಾಯಿತು. ಇಳಿಸಿ ಕೊಡವಿದರೆ ಒಳಗೆ ಹಲ್ಲಿಯ ಮೊಟ್ಟೆ. ನಿನ್ನ ಕಾಲೂ ನನ್ನ ಕಾಲೂ ಒಂದೇ ಅಳತೆ ತೇಜು, ಇಷ್ಟು ದಿನ ನನಗೆ ಗೊತ್ತೇ ಇರಲಿಲ್ಲ. ಬಲಗಾಲಿನ ಶೂ ಹೆಬ್ಬೆರಳ ಹತ್ತಿರ ತೂತಾಗಿತ್ತು, ಒಳಗಿನಿಂದ ನೀನು ಮಗ್ಗದ ಚೂರು ಬಟ್ಟೆ ಇಟ್ಟು ಹೊಲಿದಿದ್ದೆ. ಆ ತೂತಿನ ಶೂವಿನಲ್ಲೇ ತಾಲೂಕಿಗೆ ಮೊದಲು ಬಂದೆಯಾ? ಒಂದು ಸಲವಾದರೂ ಹೊಸದು ಬೇಕು ಅನ್ನಲಿಲ್ಲವಲ್ಲೇ. ಕೇಳಿದ್ದರೂ ನಾನು ಏನು ಅನ್ನುತ್ತಿದ್ದೆ ಎಂದು ನಿನಗೆ ಗೊತ್ತಿತ್ತು. ನೀನು ಬೆಳಿಗ್ಗೆ ಐದಕ್ಕೆ ಎದ್ದು ಓಡಿ ಬಂದಾಗ ನಾನು ಕೊಡುತ್ತಿದ್ದದ್ದು ರಾತ್ರಿಯ ತಣ್ಣನೆ ಮುದ್ದೆ, ಜೊತೆಗೆ "ಓಡಿ ಯಾರ ಮನೆ ಉದ್ಧಾರ ಆತು, ಬಾ, ಕಂಡಿಕೆ ಸುತ್ತು" ಎಂಬ ಮಾತು. ಬೆವರು ಆರುವ ಮೊದಲೇ, ಲಾಳಿಯೊಳಗಿನ ಕಂಡಿಕೆ ಕಡ್ಡಿಗೆ ಸುತ್ತಲು ನಿನ್ನ ಕೈಗೆ ರೇಷ್ಮೆ ಎಳೆ ಕೊಡುತ್ತಿದ್ದೆ. ಈಗ ನಾನು ಐದು ನಿಮಿಷ ಓಡಿ ಬಂದು ಅರ್ಧ ಗಂಟೆ ಗೋಡೆಗೆ ಒರಗಿ ಕೂರುತ್ತೇನೆ. ನಿಮ್ಮಪ್ಪ ಬೇಯಿಸಿದ ಮೊಟ್ಟೆ ತಂದು ಕೊಡುತ್ತಾರೆ. ನಾನು ನಿನಗೆ ಒಂದು ದಿನವೂ ಮೊಟ್ಟೆ ಬೇಯಿಸಿ ಕೊಟ್ಟವಳಲ್ಲ ಕಣೇ.

ಈಗ ಈರೇಶ್ ಸರ್ ವಿಷಯಕ್ಕೆ ಬರುತ್ತೇನೆ. ರಸ್ತೆಯಲ್ಲಿ ನಾಯಿ ಕಾಟವೆಂದು ಅಕ್ಟೋಬರಿನಿಂದ ಕಾಲೇಜು ಮೈದಾನಕ್ಕೆ ಹೋಗುತ್ತಿದ್ದೇವೆ. ಮೊದಲ ದಿನವೇ ಅವರು ಅಲ್ಲಿದ್ದರು. ನನ್ನನ್ನು ನೋಡಿ, ಆಮೇಲೆ ನನ್ನ ಕಾಲಿನ ಶೂ ನೋಡಿ, "ಇದು ತೇಜಶ್ರೀದಲ್ವಾ ಅಕ್ಕಾ?" ಎಂದರು. ಎರಡು ವರ್ಷದ ಹಿಂದಿನ ಶೂವಿನ ಗುರುತು ಹಿಡಿದರು ಪುಣ್ಯಾತ್ಮರು. ಅವರೇ ನನಗೆ ಓಟ ಕಲಿಸುತ್ತಿದ್ದಾರೆ. ಒಂದು ನಿಮಿಷ ಓಡು, ಎರಡು ನಿಮಿಷ ನಡಿ, ಮತ್ತೆ ಒಂದು ನಿಮಿಷ ಓಡು. ಮಾತಾಡುತ್ತಾ ಓಡಲು ಆಗಬೇಕು, ಆಗದಿದ್ದರೆ ಜೋರು ಜಾಸ್ತಿಯಾಯಿತು ಎಂದು ಅರ್ಥ. "ಮುಷ್ಟಿ ಬಿಡ್ರಿ ಅಕ್ಕಾ, ಲಾಳಿ ಹಿಡ್ದಂಗೆ ಹಿಡ್ಕಂಡೀರಲ್ಲ" ಎಂದು ನಗುತ್ತಾರೆ. ಒಂದು ದಿನ ಹೇಳಿದರು, ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ನಿನ್ನನ್ನು ಕಂಡು ಕೂಗಿದರಂತೆ, ನೀನು ಮುಖ ತಿರುಗಿಸಿಕೊಂಡು ತಳಕಿನ ಬಸ್ಸು ಹತ್ತಿದೆಯಂತೆ. ನಿನ್ನ ಹಾಸ್ಟೆಲಿನ ದಾರಿ ಅದಲ್ಲ. ಅವರಿಂದ ತಪ್ಪಿಸಿಕೊಳ್ಳಲು ಸಿಕ್ಕ ಬಸ್ಸು ಹತ್ತಿದ್ದೀಯ. "ನಂದೇನು ತಪ್ಪಾತೋ ಗೊತ್ತಾಗ್ಲಿಲ್ಲ ಅಕ್ಕಾ" ಎಂದರು. ಅಷ್ಟು ದೊಡ್ಡ ಆಳು, ಕೈಯಲ್ಲಿದ್ದ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದರು. ಆಮೇಲೆ ನಿನ್ನ ಬಗ್ಗೆ ಒಂದು ಪ್ರಶ್ನೆ ಕೇಳಿದರು. ನಾನು ಉತ್ತರ ಕೊಡದೆ ಓಡಿದೆ. ನಿಜವಾಗಿಯೂ ಓಡಿದೆ ತೇಜು, ಮೈದಾನದ ಸುತ್ತ, ಹಿಂದೆ ತಿರುಗಿ ನೋಡದೆ. ನಿಲ್ಲದೆ ಪೂರ್ತಿ ಒಂದು ಸುತ್ತು ಮುಗಿಸಿದ್ದು ಅವತ್ತೇ ಮೊದಲು. ಗಂಗಲಕ್ಷ್ಮಿ ಚಪ್ಪಾಳೆ ತಟ್ಟಿದಳು. ಸರ್ ಕೂಡ ತಟ್ಟಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ರಾಂಪುರದವರ ಧಾರೆ ಸೀರೆ ನಿನಗೆ ನೆನಪಿದೆಯಲ್ಲ? ಹಸಿರು ಮೈ, ಅರಿಶಿನದ ಅಂಚು. ಹೋದ ವರ್ಷ ಫೆಬ್ರವರಿಯಲ್ಲಿ ನಾನು ಮಗ್ಗದಲ್ಲಿ, ನೀನು ನನ್ನ ಬಲಕ್ಕೆ ಕುಳಿತು ಆ ಕಡೆಯ ಅಂಚಿನ ಲಾಳಿ ಎಸೆಯುತ್ತಿದ್ದೆ. ಅಂಚಿನ ಬಣ್ಣ ಬೇರೆಯಾದರೆ ಮೂರು ಲಾಳಿ ಬೇಕು, ಒಬ್ಬರ ಕೈಯಲ್ಲಿ ಆಗದ ಕೆಲಸ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಒಂದು ಕಟ್ಟು ಇದೆ, ಧಾರೆ ಸೀರೆಗೆ ಕೂತ ಕೈ ಅದು ಮಗ್ಗದಿಂದ ಇಳಿಯುವವರೆಗೆ ಬದಲಾಗಬಾರದು. ಎಳೆಯುವ ಬಿಗಿ ಒಬ್ಬೊಬ್ಬರದು ಒಂದೊಂದು ಥರ, ಕೈ ಬದಲಾದರೆ ಅಂಚಿನಲ್ಲಿ ಗೆರೆ ಕಾಣುತ್ತದೆ. ಮದುವೆ ಹೆಣ್ಣಿನ ಸೀರೆಯಲ್ಲಿ ಗೆರೆ ಬಿದ್ದರೆ ಅಪಶಕುನ ಎಂದು ಅಜ್ಜಿ. ಶುಕ್ರವಾರ ಸೀರೆಗೆ ಬರುತ್ತೇವೆ ಎಂದು ರಾಂಪುರದವರು ಹೇಳಿದ್ದರು. ಇನ್ನೂ ಮೊಳದ ಮೇಲೆ ಬಾಕಿ ಇತ್ತು, ಸೆರಗು ಬೇರೆ. ಬುಧವಾರ ಮಧ್ಯಾಹ್ನ ನೀನು ಹಿತ್ತಲಲ್ಲಿ ರೇಷ್ಮೆ ಲಡಿ ಒಣಗಿಸುತ್ತಿದ್ದೆ. ಆ ಮಧ್ಯಾಹ್ನದ ಬಗ್ಗೆ ದೀಪಾವಳಿಯಲ್ಲಿ ಹೇಳಬೇಕೆಂದಿದ್ದೆ. ಎಣ್ಣೆ ಹಚ್ಚಲು ನೀನು ತಲೆ ಕೊಟ್ಟು ಕುಳಿತಾಗ ಬಾಯಿಯವರೆಗೂ ಬಂದಿತ್ತು. ನೀನು ಕಣ್ಣು ಮುಚ್ಚಿಕೊಂಡು "ಇನ್ನೊಸಿ ಹಚ್ಚವ್ವ" ಅಂದೆ. ಹಚ್ಚಿದೆ ಅಷ್ಟೇ.

ನೋಡು, ಇಷ್ಟು ಬರೆದರೂ ಕೈ ಇನ್ನೂ ಹಿಂದೆ ಮುಂದೆ ನೋಡುತ್ತಿದೆ. ನನ್ನ ಸಕ್ಕರೆ ಇಳಿದಿದೆ, ಡಾಕ್ಟರಮ್ಮ ಖುಷಿಪಟ್ಟರು, ಅದನ್ನಾದರೂ ನೆಮ್ಮದಿಯಿಂದ ಬರೆಯಬಹುದು. ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ, ಗೆಳತಿಯರಿಗೂ ಕೊಡು. ಅಜ್ಜಿ ನಿನ್ನ ತಲೆ ಮೇಲೆ ಕೈ ಇಟ್ಟಿದ್ದೇನೆ ಎಂದು ಬರೆಯಲು ಹೇಳಿದಳು. ನಿನ್ನ ಹೆಸರು ಬರೆಯುವಾಗ ನಿಮ್ಮಪ್ಪ ಪಕ್ಕದಲ್ಲಿ ನಿಂತು ನೋಡಿದರು. ನನ್ನ ಆಶೀರ್ವಾದ ಯಾವತ್ತೂ ಇದೆ, ನಿನಗೆ ಬೇಕು ಅನ್ನಿಸಿದರೆ ತಗೋ.

ನಿನ್ನ ಅವ್ವ,
ನಾಗರತ್ನ

ಮರೆತಿಲ್ಲ, ಬರೆಯದೆ ಬಿಟ್ಟಿದ್ದು: ಗಂಗಲಕ್ಷ್ಮಿ ಚಳ್ಳಕೆರೆ ಬಸ್ಸಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾಳೆ, ಈ ಕಾಗದ ಅವಳ ಕೈಯಲ್ಲೇ ಕೊಡಬೇಕು. ಬೇಗ ಬೇಗ ಬರೆದುಬಿಡುತ್ತೇನೆ. ಆ ಬುಧವಾರ ಈರೇಶ್ ಸರ್ ನನ್ನ ಫೋನಿಗೆ ಮಾಡಿದ್ದರು. ನೀನು ಆಯ್ಕೆಯಾಗಿದ್ದೀಯ, ಮಾರನೇ ದಿನ ಬೆಳಿಗ್ಗೆ ಆರಕ್ಕೆ ಚಳ್ಳಕೆರೆ ಬಸ್ ಸ್ಟ್ಯಾಂಡಿಗೆ ಬರಬೇಕು, ಯೂನಿವರ್ಸಿಟಿ ಓಟ ನಾಲ್ಕು ದಿನ ಎಂದರು. ನಾನು ನಿನ್ನನ್ನು ಕರೆಯಲಿಲ್ಲ. ಮಗ್ಗದ ಮೇಲಿನ ಸೀರೆ ನೋಡಿದೆ. ಅವಳಿಗೆ ಕಾಮಾಲೆ ಆಗೈತೆ ಸಾರ್, ಎದ್ದು ಕೂರಕೂ ಆಗ್ತಿಲ್ಲ, ಅಂದುಬಿಟ್ಟೆ. ಹೆತ್ತ ಮಗಳಿಗೆ ಕಾಮಾಲೆ ಅಂದ ಬಾಯಿ ಇದು. ಓಟಕ್ಕೆ ಹೊರಡುವ ಮೊದಲೇ ಹೇಳಿಟ್ಟು, ಮಾರನೇ ದಿನ ಕಾಲೇಜಿನ ಜವಾನ ಚಿನ್ನಯ್ಯನ ಕೈಯಲ್ಲಿ ಸರ್ ಗ್ಲೂಕೋಸ್ ಪೊಟ್ಟಣ, ನಾಲ್ಕು ಎಳನೀರು ಕಳಿಸಿದರು. ಅಂಗಡಿಯಿಂದ ತಂದದ್ದು ಎಂದು ನಿನಗೆ ಹೇಳಿದೆ. ನಿನ್ನನ್ನು ಬಿಟ್ಟು ಹೋದರೆಂದು ಅವರಿಗೆ ಶಾಪ ಹಾಕುತ್ತಾ ನೀನು ಅವರು ಕಳಿಸಿದ್ದನ್ನೇ ಕುಡಿದೆ, ನಾನು ಲೋಟ ತೊಳೆದಿಟ್ಟೆ. ರಾಂಪುರದವರು ಆ ಶುಕ್ರವಾರ ಬರಲೇ ಇಲ್ಲ. ಅವರ ಮನೆಯಲ್ಲಿ ಸೂತಕವಾಗಿ, ಬಂದದ್ದು ಹದಿನಾಲ್ಕು ದಿನದ ಮೇಲೆ. ಅಷ್ಟು ದಿನ ಸೀರೆ ಪೆಟ್ಟಿಗೆಯಲ್ಲಿ ಮಡಚಿಕೊಂಡು ಬಿದ್ದಿತ್ತು. ಆಗಲಾದರೂ ಹೇಳಬಹುದಿತ್ತು, ಹೇಳಲಿಲ್ಲ. ನೀನು ಮತ್ತೆ ಮೈದಾನಕ್ಕೆ ಕಾಲಿಡಲಿಲ್ಲ, ಸರ್ ಎದುರಿಗೂ ನಿಲ್ಲಲಿಲ್ಲ. ಸರ್ ಮೈದಾನದಲ್ಲಿ ಕೇಳಿದ ಪ್ರಶ್ನೆ, "ಕಾಮಾಲೆ ಪೂರ್ತಿ ವಾಸಿ ಆತಾ ಅಕ್ಕಾ? ಅದ್ಕೇ ಓಟ ಬಿಟ್ಲಾ?" ನಿನ್ನೆ ಅವರಿಗೆ ಎಲ್ಲ ಹೇಳಿದೆ. ಸೀಟಿಯನ್ನು ಜೇಬಿಗೆ ಹಾಕಿಕೊಂಡು ಮೈದಾನದ ಮೆಟ್ಟಿಲ ಮೇಲೆ ಕುಳಿತರು. "ನಂಗೆ ಹೇಳಿದ್ರೆ ಸಾಲ್ದು, ಅವ್ಳಿಗೆ ಹೇಳ್ರಿ" ಎಂದರು. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡು, ಫೋನು ಎತ್ತಬೇಡ, ಸಂಕ್ರಾಂತಿಗೆ ಬರಬೇಡ, ಆದರೆ ಅವರಿಗೆ ಒಂದು ಫೋನು ಮಾಡು. ನಂಬರು ಹಿಂದೆ ಬರೆದಿದ್ದೇನೆ. ನಿನ್ನೆ ಕೊನೆಗೆ ಸರ್ ಕಾಲೇಜು ಆಫೀಸಿನಿಂದ ಅವತ್ತಿನ ಆಯ್ಕೆ ಪಟ್ಟಿ ತಂದು ತೋರಿಸಿದರು ತೇಜು, ಇನ್ನೂ ಇಟ್ಟಿದ್ದಾರೆ. ಎಲ್ಲರಿಗಿಂತ ಮೇಲೆ ನಿನ್ನ ಹೆಸರು, ತೇಜಶ್ರೀ ಇ., ಮೊಳಕಾಲ್ಮೂರು. ಅದರ ಮೇಲೆ ಕೆಂಪು ಗೆರೆ ಎಳೆದಿದ್ದಾರೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ನಾನು ಹೇಳಿದ್ದನ್ನು ನಂಬಿ, ಕಾಮಾಲೆ ಎಂದು ಬರೆದಿದ್ದಾರೆ.